ಓದದೆ ಅಂಟಿಸಿದ ಪ್ರಬಂಧ

ನಾನು ಪುಕ್ಕಲಿ. ಹಲ್ಲಿಗೆ ಹೆದರುತ್ತೇನೆ, ಗುಡುಗಿಗೆ ಹೆದರುತ್ತೇನೆ, ಎದುರಿಗೆ ಬರುವ ಅದಿರಿನ ಲಾರಿಗಂತೂ ರಸ್ತೆ ಬಿಟ್ಟು ಚರಂಡಿಗಿಳಿಯುವಷ್ಟು ಹೆದರುತ್ತಿದ್ದೆ. ಹೊಸಪೇಟೆಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದ ಅಷ್ಟೂ ವರ್ಷ ತಾತ್ಕಾಲಿಕ ಉಪನ್ಯಾಸಕಿಯಾಗಿಯೇ ಇದ್ದೆ. ಪ್ರತಿ ಜೂನ್ ತಿಂಗಳಲ್ಲೂ 'ಈ ವರ್ಷ ನೀವು ಬರೋದು ಬ್ಯಾಡ್ರಿ' ಎಂದುಬಿಟ್ಟರೆ ಏನು ಗತಿ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಹೆದರುವವರ ಮೇಲೆ ಹಾವು ಎಸೆದ ಹಾಗೆ, ದೇವರು ನನ್ನ ಪಾಲಿಗೆ ಆ ಹುಡುಗಿಯ ಪ್ರಬಂಧವನ್ನು ಕಳಿಸಿದ.

ಅವು ಗಣಿ ಜೋರಾಗಿದ್ದ ದಿನಗಳು. ಸಂಡೂರಿನ ಗುಡ್ಡ ಇಳಿದು ಬರುವ ಲಾರಿಗಳ ಸಾಲಿಗೆ ತುದಿಮೊದಲಿರಲಿಲ್ಲ. ಒಗೆದು ಹರವಿದ ಬಿಳಿ ಸೀರೆ ಒಣಗುವುದರೊಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಹೋದ ವರ್ಷ ಸೈಕಲ್ ತುಳಿಯುತ್ತಿದ್ದ ಹುಡುಗ ಈ ವರ್ಷ ಕಾರಿನಲ್ಲಿ ಬಂದು ಇಳಿದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರೂ ಗಣಿ ಸಾಹುಕಾರರೇ. ಮಾತು ಕಡಿಮೆ, ನಗು ಜಾಸ್ತಿ. ಆ ನಗುವನ್ನು ಕಂಡರೆ ನಮ್ಮ ಪ್ರಿನ್ಸಿಪಾಲರೂ ಎದ್ದು ನಿಲ್ಲುತ್ತಿದ್ದರು.

ಅಕ್ಟೋಬರ್ ರಜೆ ಮುಗಿದ ಮೇಲೆ ದ್ವಿತೀಯ ಪಿಯುಸಿಗೆ ಮೂರು ವಿಷಯ ಕೊಟ್ಟು, ಯಾವುದಾದರೂ ಒಂದರ ಮೇಲೆ ಪ್ರಬಂಧ ಬರೆದು ತನ್ನಿ ಎಂದಿದ್ದೆ. ಕೊಳ್ಳುಬಾಕ ಸಮಾಜ, ಒಂದು ಅಪರೂಪದ ಸಸ್ತನಿ, ಸಾಹಿತ್ಯ ಯಾಕೆ ಬೇಕು. ಪರೀಕ್ಷೆಯಲ್ಲಿ ಇಂಥವೇ ಬರುತ್ತಿದ್ದವು. ಕೊಳ್ಳುಬಾಕ ಸಮಾಜವನ್ನು ಬೈದು ಬರೆದವರೆಲ್ಲ ಬೈಕಿನ ಕೀಲಿಯನ್ನು ಡೆಸ್ಕಿನ ಮೇಲಿಟ್ಟುಕೊಂಡೇ ಬರೆದಿದ್ದರು. ಸಾಹಿತ್ಯದ ಬಗ್ಗೆ ಬರೆದವರು 'ಸಾಹಿತ್ಯವು ಒಂದು ಸಾಗರ' ಎಂದು ಶುರು ಮಾಡಿ ಎರಡನೆಯ ಪುಟಕ್ಕೇ ಮುಳುಗಿದ್ದರು. ಸಸ್ತನಿ ಎಂದರೆ ಅರ್ಧ ತರಗತಿ ತಿಮಿಂಗಿಲ ಹಿಡಿದು ತಂದಿತ್ತು. ತುಂಗಭದ್ರೆಯ ಹಿನ್ನೀರು ಬಿಟ್ಟರೆ ಬೇರೆ ನೀರು ಕಾಣದ ಮಕ್ಕಳು. ದರೋಜಿ ಕಡೆಯ ಒಬ್ಬನಿಗೆ, ನಿಮ್ಮೂರ ಕರಡಿ ಬಗ್ಗೆ ಬರೆಯಬಾರದಿತ್ತೇ ಎಂದು ಕೇಳಿದೆ. "ಕರಡಿ ಅಪರೂಪ ಎಲ್ಲೈತ್ರಿ ಮೇಡಂ? ನಮ್ಮ ಹೊಲಕ್ಕ ದಿನಾ ಬರತೈತಿ" ಎಂದ.

ಈಗ ನನ್ನ ತಪ್ಪನ್ನು ಹೇಳಬೇಕು. ಪ್ರಬಂಧಕ್ಕೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ಭಾಗ ಇರಬೇಕೆಂದು ನಾವು ಕನ್ನಡ ಮೇಷ್ಟರುಗಳು ಮಕ್ಕಳ ತಲೆಗೆ ಕುಟ್ಟುತ್ತೇವೆ. ನೂರಿಪ್ಪತ್ತು ಪ್ರಬಂಧ ತಿದ್ದಬೇಕಾದಾಗ ಪೀಠಿಕೆ ಓದುತ್ತೇವೆ, ಉಪಸಂಹಾರ ಓದುತ್ತೇವೆ, ನಡುವಿನದಕ್ಕೆ ಮೇಲಿಂದ ಕೆಳಗೆ ಒಂದು ಕೆಂಪು ಗೆರೆ ಎಳೆದು ಟಿಕ್ ಹಾಕುತ್ತೇವೆ. ಎಲ್ಲರೂ ಹಾಗೆ ಮಾಡುತ್ತಿದ್ದರೋ ಇಲ್ಲವೋ, ನಾನಂತೂ ಮಾಡುತ್ತಿದ್ದೆ. ನಡುವೆ ಇರುವುದು ಹೇಗೂ ಗೈಡಿನಿಂದ ಇಳಿಸಿದ್ದು ಎಂಬ ಧೈರ್ಯ. ನನ್ನ ಬದುಕಿನಲ್ಲಿ ಇದ್ದ ಧೈರ್ಯ ಅದೊಂದೇ.

ಆ ರಾಶಿಯಲ್ಲಿ ಒಂದು ಪ್ರಬಂಧದ ಪೀಠಿಕೆ ನನ್ನನ್ನು ನಿಲ್ಲಿಸಿತು. 'ದೇವರು ಕೆಲವು ಪ್ರಾಣಿಗಳನ್ನು ಅವಸರದಲ್ಲಿ ಮಾಡಿದ. ಚಿಪ್ಪುಹಂದಿಯನ್ನು ಮಾತ್ರ ಪುರುಸೊತ್ತಿನಲ್ಲಿ ಕುಳಿತು, ಒಂದೊಂದೇ ಬಿಲ್ಲೆ ಜೋಡಿಸಿ ಮಾಡಿದ.' ಬರೆದವಳು ಸಂಡೂರು ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಹಿಂದಿನ ಬೆಂಚು, ಎರಡು ಜಡೆ, ಕೇಳಿದರಷ್ಟೇ ಮಾತು. ಉಪಸಂಹಾರವೂ ಶಾಸ್ತ್ರೋಕ್ತವಾಗಿತ್ತು: ಪ್ರಾಣಿಗಳನ್ನು ಸಂರಕ್ಷಿಸುವುದು ನಮ್ಮೆಲ್ಲರ ಆದ್ಯ ಕರ್ತವ್ಯ. ಅಬ್ಬಾ, ಒಬ್ಬಳಾದರೂ ಸಿಕ್ಕಳಲ್ಲ ಎಂದು ಖುಷಿಯಾಗಿ ಪೂರ್ತಿ ಅಂಕ ಕೊಟ್ಟೆ. ನಡುವಿಗೆ ಕೆಂಪು ಗೆರೆ ಎಳೆದೆ.

ನಮ್ಮಲ್ಲಿ ನವೆಂಬರ್ ಒಂದರಂದು, ಬಾವುಟ ಹಾರಿಸಿದ ಮೇಲೆ, ಗೋಡೆ ಪತ್ರಿಕೆಯ ಉದ್ಘಾಟನೆ ನಡೆಯುತ್ತಿತ್ತು. ವರಾಂಡದಲ್ಲಿ ಗಾಜಿನ ಬಾಗಿಲಿನ ದೊಡ್ಡ ಹಲಗೆ. ಹುಡುಗರು ಮೀಸೆ ಬರೆಯುತ್ತಾರೆಂದು ಅದಕ್ಕೆ ಬೀಗ. ಆ ವರ್ಷದ ಉತ್ತಮ ಪ್ರಬಂಧಕ್ಕೆ ಹಲಗೆಯ ನಟ್ಟನಡುವೆ ಜಾಗ. ಚಿಪ್ಪುಹಂದಿಯನ್ನು ಹಿಂದಿನ ದಿನವೇ ನಾನೇ ಕೈಯಾರೆ ಅಂಟಿಸಿ, ಸುತ್ತ ಜರಿ ಕಾಗದ ಹಚ್ಚಿದ್ದೆ. ಬೀಗದ ಕೀಲಿ ಜವಾನನ ಹತ್ತಿರ.

ಅಂದು ಬೆಳಿಗ್ಗೆ ಬಂದು ನೋಡಿದರೆ ಹಲಗೆಯ ಮುಂದೆ ನಾಲ್ಕು ಹುಡುಗರು ನಿಂತಿದ್ದರು. ಗೋಡೆ ಪತ್ರಿಕೆಯನ್ನು ನಮ್ಮ ಕಾಲೇಜಿನಲ್ಲಿ ಯಾರಾದರೂ ಓದಿದ್ದನ್ನು ನಾನು ಕಂಡಿರಲಿಲ್ಲ. ಒಬ್ಬ ಬೆರಳಿಟ್ಟು ಓದುತ್ತಿದ್ದ, ಉಳಿದವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ನನ್ನನ್ನು ಕಂಡೊಡನೆ ಸರಿದುಹೋದರು. ಅವರ ಮುಖದಲ್ಲಿ ನಗು ಇರಲಿಲ್ಲ. ಹತ್ತಿರ ಹೋಗಿ, ನಾನೇ ಪೂರ್ತಿ ಅಂಕ ಕೊಟ್ಟಿದ್ದ ಪ್ರಬಂಧದ ನಡುವನ್ನು ಮೊದಲ ಬಾರಿಗೆ ಓದಿದೆ.

'ನಮ್ಮ ಅಪ್ಪ ಸಂಡೂರು ಗುಡ್ಡದ ಗಣಿಯಲ್ಲಿ ವಾಚ್‌ಮನ್. ಗುಡ್ಡ ಅಗೆಯುವಾಗ ಯಂತ್ರದ ಮುಂದೆ ಈ ಪ್ರಾಣಿ ಸಿಕ್ಕಿತು. ಇದನ್ನು ಹೊಸ ಬಂಗಲೆಯ ತೋಟದಲ್ಲಿ ಜೀವಂತ ಸಾಕಿದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂದು ಸಾಹೇಬರಿಗೆ ಯಾರೋ ಹೇಳಿದ್ದರಂತೆ. ನನಗೆ ಕಾಲೇಜಿನಲ್ಲಿ ಸೀಟು ಕೊಡಿಸಿದವರೂ ಅವರೇ. ಸೋಮವಾರ ಜನ ಕಳಿಸುತ್ತೇನೆ, ಅಲ್ಲಿಯತನಕ ಇಟ್ಟುಕೋ ಎಂದರು. ಎಲ್ಲವನ್ನೂ ಕೊಂಡು ಮುಗಿಸಿದವರಿಗೆ ಕೊಳ್ಳಲು ಏನೂ ಉಳಿಯದಿದ್ದಾಗ ಇಂಥದ್ದು ಬೇಕಾಗುತ್ತದೆ. ಅಪ್ಪ ಅದನ್ನು ಗೋಣಿಚೀಲದಲ್ಲಿ ತಂದು ಖಾಲಿ ಡ್ರಮ್ಮಿನಲ್ಲಿ ಇಟ್ಟರು. ಅದು ಉಂಡೆಯಾಗಿ ಬಿದ್ದುಕೊಂಡಿತು. ನಾನು ಹುತ್ತದ ಮಣ್ಣನ್ನು ಗೆದ್ದಲು ಸಮೇತ ತಂದು ಹಾಕಿದೆ. ತಿನ್ನಲಿಲ್ಲ. ಭಾನುವಾರ ಸಂಜೆ ಅಪ್ಪ ಡ್ಯೂಟಿಗೆ ಹೋದ ಮೇಲೆ ಅದನ್ನು ಹೊತ್ತುಕೊಂಡು ಹೋಗಿ ಗುಡ್ಡದ ಹಿಂದೆ ಬಿಟ್ಟುಬಂದೆ. ಬಹಳ ಭಾರವಿತ್ತು. ಅಪ್ಪ ನನಗೆ ಎರಡು ಏಟು ಹೊಡೆದರು. ಆಮೇಲೆ ಹಿತ್ತಿಲಲ್ಲಿ ಗುಂಡಿ ತೋಡಿ, ಏನೂ ಹಾಕದೆ ಮುಚ್ಚಿದರು. ಬಂದವರಿಗೆ ಆ ಗುಂಡಿ ತೋರಿಸಿ, ಸತ್ತುಹೋಯಿತು ಎಂದರು. ಸಾಹೇಬರು ಈಗಲೂ ಹಾಗೇ ತಿಳಿದಿದ್ದಾರೆ.'

ಸಾಹೇಬರೆಂದರೆ ನಮ್ಮ ಅಧ್ಯಕ್ಷರು. ಇನ್ನು ಅರ್ಧ ಗಂಟೆಯಲ್ಲಿ ಇದೇ ಹಲಗೆಯ ಮುಂದೆ ನಿಂತು ರಿಬ್ಬನ್ ಕತ್ತರಿಸುವವರು ಅವರೇ. ಓದಿಬಿಟ್ಟರೆ ವಾಚ್‌ಮನ್ ಕೆಲಸ ಹೋದೀತು ಎಂಬುದು ಸಣ್ಣ ಮಾತು. ಗಣಿಯವರಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ಏನು ಮಾಡುತ್ತಾರೆಂದು ಊರಲ್ಲಿ ಪಿಸುಮಾತಿನಲ್ಲಿ ಆಡಿಕೊಳ್ಳುತ್ತಿದ್ದುದನ್ನೆಲ್ಲ ನಾನು ಕೇಳಿದ್ದೆ. ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು. ನನ್ನ ಕೆಲಸವೂ ನೆನಪಾಯಿತು. ಸುಳ್ಳು ಯಾಕೆ ಹೇಳಲಿ, ಅದೇ ಮೊದಲು ನೆನಪಾಯಿತು.

ಬೀಗದ ಕೀಲಿಗೆ ಓಡಿದೆ. ಜವಾನ ಚೆಂಡುಹೂವಿನ ಹಾರ ತರಲು ಮಾರ್ಕೆಟ್ಟಿಗೆ ಹೋಗಿದ್ದ, ಕೀಲಿ ಅವನ ಉಡಿದಾರದಲ್ಲಿ. ಅವನು ಬರುವುದಕ್ಕೂ ಅಧ್ಯಕ್ಷರ ಕಾರು ಬರುವುದಕ್ಕೂ ಸರಿಹೋಯಿತು. ನನ್ನ ಕೈಗೆ ಕತ್ತರಿಯ ತಟ್ಟೆ ಕೊಟ್ಟು ಹಲಗೆಯ ಪಕ್ಕ ನಿಲ್ಲಿಸಿದರು. ತಟ್ಟೆಯಲ್ಲಿ ಕತ್ತರಿ ಗಲಗಲ ಎನ್ನುತ್ತಿತ್ತು. ಪಕ್ಕದಲ್ಲಿದ್ದ ಇಂಗ್ಲಿಷ್ ಉಪನ್ಯಾಸಕರು, "ಜ್ವರ ಬಂದೈತೇನ್ರಿ ಮೇಡಂ?" ಎಂದು ಕೇಳಿದರು.

ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು, ಚಪ್ಪಾಳೆಯಾಯಿತು. ಪ್ರತಿ ವರ್ಷ ಅಷ್ಟಕ್ಕೇ ತಿರುಗಿ ನಡೆಯುತ್ತಿದ್ದವರು ಅಂದು ಕನ್ನಡಕ ತೆಗೆದು ಹಾಕಿಕೊಂಡರು. ಚಿಪ್ಪುಹಂದಿಯ ಪೀಠಿಕೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು. "ಪುರುಸೊತ್ತಿನಾಗ ಕುಂತು ಮಾಡ್ಯಾನಂತ! ಮಸ್ತ್ ಬರದಾಳಲೇ" ಎಂದು ನಕ್ಕರು. ಬೆರಳು ಗಾಜಿನ ಮೇಲೆ ಕೆಳಗೆ ಜಾರಿತು. ಇಷ್ಟದೇವರನ್ನೆಲ್ಲ ನೆನೆದು, 'ಇವರೂ ನನ್ನ ಹಾಗೇ ಓದಲಪ್ಪಾ' ಎಂದು ಬೇಡಿಕೊಂಡೆ. ಬೆರಳು ನಡುವನ್ನು ದಾಟಿ ಉಪಸಂಹಾರಕ್ಕೆ ಬಂದು ನಿಂತಿತು. "ಆದ್ಯ ಕರ್ತವ್ಯ. ಕರೆಕ್ಟ್" ಎಂದರು.

ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಪ್ರಿನ್ಸಿಪಾಲರು ಕೈಕಟ್ಟಿ, "ನಿಮ್ಮ ವಾಚ್‌ಮನ್ ಮಗಳ್ರಿ ಸರ್, ನೀವ ಸೀಟು ಕೊಡಿಸಿದ್ದು" ಎಂದರು. ಅಧ್ಯಕ್ಷರ ಮುಖ ಅರಳಿತು. ಹುಡುಗಿಯನ್ನು ಕರೆಸಿ ತಮ್ಮ ಜೇಬಿನ ಪೆನ್ನು ಕೊಟ್ಟರು. ಅವಳು ಕಾಲಿಗೆ ಬಿದ್ದು ಎದ್ದಳು. "ಇದರದ್ದೊಂದು ಝೆರಾಕ್ಸ್ ಮಾಡಿಸಿ ಮನಿಗೆ ಕಳಸ್ರಿ. ಪುರುಸೊತ್ತಿನಾಗ ಓದತೀನಿ, ಮನಿಯವ್ರಿಗೂ ಓದಸ್ತೀನಿ" ಎಂದು ಹೇಳಿ ಹೊರಟರು. "ಇವತ್ತ ಸಂಜಿಗೆ ಮುಟ್ಟಬೇಕ್ರಿ ಮೇಡಂ" ಎಂದು ಪ್ರಿನ್ಸಿಪಾಲರು ನನಗೆ ಹೇಳಿ ಅವರ ಹಿಂದೆ ಓಡಿದರು.

ಮಾಡಿದ್ದುಣ್ಣೋ ಮಹಾರಾಯ. ಜವಾನನಿಂದ ಕೀಲಿ ಇಸಿದುಕೊಂಡು ಪ್ರಬಂಧವನ್ನು ಕಿತ್ತೆ. ಹುಡುಗಿಯನ್ನು ಲೈಬ್ರರಿಯ ಮೂಲೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದೆ.

"ಏನಂತ ಬರದೀಯವ್ವಾ ಇದು? ಯಾರು ಓದ್ತಾರ ಅನ್ನೋದು ಗೊತ್ತಿರಲಿಲ್ಲೇನು ನಿನಗ?"

ಅವಳಿಗೆ ನನ್ನಷ್ಟು ಹೆದರಿಕೆ ಇರಲಿಲ್ಲ. ಆಶ್ಚರ್ಯವಾಗಿತ್ತು, ಅಷ್ಟೆ. "ನೀವು ನಡುವಿಂದು ಓದಂಗಿಲ್ಲಲ್ರಿ ಮೇಡಂ" ಎಂದಳು. "ಎಲ್ಲಾರಿಗೂ ಗೊತ್ತೈತ್ರಿ. ಹೋದ ವರ್ಷ ಒಬ್ಬಾಕಿ ನಡುವ ಉಪ್ಪಿಟ್ಟು ಮಾಡೋದು ಹೆಂಗ ಅಂತ ಬರದಿದ್ಲು. ಫುಲ್ ಮಾರ್ಕ್ಸ್ ಕೊಟ್ರಿ. ಯಾರಿಗಾರ ಹೇಳಬೇಕು ಅನ್ನಿಸಿತ್ರಿ. ಯಾರೂ ಓದಂಗಿಲ್ಲಂತ ಅಲ್ಲಿ ಬರದೆ."

ಅಂಥ ಭಯದ ನಡುವೆಯೂ ಕೆನ್ನೆಗೆ ಹೊಡೆದಂತಾಯಿತು. ಆದರೆ ನಾಚಿಕೆಪಡಲು ಪುರುಸೊತ್ತು ಎಲ್ಲಿ? ಮಕ್ಕಳ ವಿಶ್ವಕೋಶ ತೆಗೆದು ಅವಳ ಮುಂದಿಟ್ಟೆ. ಪೀಠಿಕೆ ಹಾಗೇ ಇರಲಿ, ಉಪಸಂಹಾರ ಹಾಗೇ ಇರಲಿ, ನಡುವೆ ಇದರಲ್ಲಿ ಇರುವುದನ್ನು ಇಳಿಸು ಎಂದೆ. ಚಿಪ್ಪುಹಂದಿಗೆ ಹಲ್ಲಿಲ್ಲ, ನಾಲಿಗೆ ಉದ್ದ, ಇರುವೆ ಗೆದ್ದಲು ಆಹಾರ, ಮರಿಯನ್ನು ಬಾಲದ ಮೇಲೆ ಹೊತ್ತು ತಿರುಗುತ್ತದೆ. ಅವಳು ಅಧ್ಯಕ್ಷರು ಕೊಟ್ಟ ಪೆನ್ನಿನಿಂದಲೇ ಬರೆದಳು. ನಾನು ಕೆಂಪು ಗೆರೆ ಎಳೆದೆ. ಹೊಸದು ಗಾಜಿನೊಳಗೆ ಹೋಯಿತು, ಅದರ ಝೆರಾಕ್ಸ್ ಅಧ್ಯಕ್ಷರ ಮನೆಗೆ ಹೋಯಿತು, ಹಳೆಯದು ನನ್ನ ಚೀಲದಲ್ಲಿ ಉಳಿಯಿತು. ಸುಡಬೇಕೆಂದು ಮನೆಗೆ ತಂದೆ. ಸುಡಲು ಮನಸ್ಸಾಗಲಿಲ್ಲ. ಎಷ್ಟೋ ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿ ನಿಜವಾಗಿ ಬರೆದದ್ದು ಅದೊಂದೇ.

ಮುಂದಿನ ಎರಡು ದಿನ ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬಂತೆ ಕಳೆದೆ. ಗೇಟಿನ ಮುಂದೆ ಯಾವ ಕಾರು ನಿಂತರೂ ಪಾಠ ತಪ್ಪುತ್ತಿತ್ತು. ಬೆಳಿಗ್ಗೆ ಓದಿದ ಆ ನಾಲ್ಕು ಹುಡುಗರಲ್ಲಿ ಒಬ್ಬನ ಅಪ್ಪನ ಲಾರಿಗಳು ಅಧ್ಯಕ್ಷರ ಗಣಿಯಲ್ಲೇ ಓಡುತ್ತಿದ್ದವು. ಅವನು ಮನೆಯಲ್ಲಿ ಬಾಯಿಬಿಟ್ಟನೋ ಇಲ್ಲವೋ ಕೇಳುವ ಹಾಗಿಲ್ಲ, ಕೇಳಿದರೆ ಇಲ್ಲದ್ದನ್ನು ಕೆದಕಿದಂತೆ. ಮನೆಯಲ್ಲಿ ಹೇಳಿದರೆ ನಮ್ಮವರು, "ಊರ ಉಸಾಬರಿ ನಿನಗ್ಯಾಕ ಬೇಕಿತ್ತು?" ಎಂದರು. ಅದು ಉಸಾಬರಿ ಅಲ್ಲ, ನನ್ನ ಸೋಮಾರಿತನ ಎಂದು ಹೇಳಲಿಲ್ಲ.

ಮೂರನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಹುಡುಗಿಯ ಜೊತೆ ಒಬ್ಬ ಸಣಕಲು ಗಂಡಸು ಬಂದು ನಿಂತ. ಖಾಕಿ ಅಂಗಿ, ಹುಬ್ಬಿನ ಮೇಲೂ ಕೆಂಪು ಧೂಳು. ಅವಳ ಅಪ್ಪ. ಎಲ್ಲ ಗೊತ್ತಾಗಿಯೇ ಬಂದ ಎಂದುಕೊಂಡೆ. ಆದರೆ ಆತ ನಗುತ್ತಿದ್ದ.

"ಸಾಹೇಬ್ರು ನಿನ್ನೆ ಗಣಿಯಾಗ ಎಲ್ಲಾರ ಮುಂದ ನನ್ನ ಬೆನ್ನು ತಟ್ಟಿದ್ರಿ. ನಿನ್ ಮಗಳು ಭಾಳ ಚಲೋ ಬರದಾಳ ಅಂದ್ರು. ನನಗ ಓದಾಕ ಬರಂಗಿಲ್ಲ. ಇಕಿನ್ನ ಕೇಳಿದ್ರ ನಾಚಿಕೊಂತಾಳ. ಏನ್ ಬರದಾಳ, ಒಂದೀಟು ಓದಿ ಹೇಳ್ರಿ ಮೇಡಮ್ಮೋರ."

ಕುಂದ್ರಿ ಎಂದೆ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಗಾಜಿನೊಳಗಿನ ಹಲ್ಲಿಲ್ಲದ, ನಾಲಿಗೆ ಉದ್ದದ ಪ್ರಬಂಧವನ್ನೇ ಓದಿ ಕಳಿಸಬಹುದಿತ್ತು. ಆತ ಖುಷಿಯಾಗಿ ಹೋಗುತ್ತಿದ್ದ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನೀವು ನಡುವಿಂದು ಓದಂಗಿಲ್ಲ ಎಂದು ಅವಳು ಅಂದದ್ದು ಎರಡು ದಿನದಿಂದ ನನ್ನನ್ನು ಕೊರೆಯುತ್ತಿತ್ತು. ಮಗಳಿಗಾಗಿ ಖಾಲಿ ಗುಂಡಿ ಮುಚ್ಚಿದ ಮನುಷ್ಯನಿಗಾದರೂ ಆಕೆ ಬರೆದದ್ದು ಮುಟ್ಟಲಿ ಎನ್ನಿಸಿತು. ಹುಟ್ಟಿದಾರಭ್ಯ ನಾನು ಧೈರ್ಯ ಮಾಡಿದ್ದು ಅದೊಂದು ಸಲ. ಚೀಲದಿಂದ ಹಳೆಯದನ್ನು ತೆಗೆದು, ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ ಓದಿದೆ.

ಪೀಠಿಕೆಗೆ ಆತ ತಲೆದೂಗಿದ. 'ನಮ್ಮ ಅಪ್ಪ' ಎಂದು ಬಂದಾಗ ಮಗಳ ಕಡೆ ನೋಡಿ ಮೀಸೆಯೊಳಗೇ ನಕ್ಕ. ಡ್ರಮ್ಮು ಬಂದಾಗ ನಗು ನಿಂತಿತು. ಗುಂಡಿ ಬರುವ ಹೊತ್ತಿಗೆ ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ನಾನು ಉಪಸಂಹಾರ ಓದಿ ಮುಗಿಸಿದೆ. ಆತ ಎದ್ದುಹೋಗಿ ಬಾಗಿಲು ಹಾಕಿ ಬಂದ.

"ಸಾಹೇಬ್ರು ಇದನ್ನ ಓದ್ಯಾರೇನ್ರಿ?"

ಇಲ್ಲ ಎಂದೆ. ಬದಲಿಸಿದ್ದನ್ನೆಲ್ಲ ಹೇಳಿದೆ.

"ಮತ್ಯಾರು ಓದ್ಯಾರ?"

"ನಾಕು ಹುಡುಗ್ರು."

"ಯಾರ ಮಕ್ಕಳ್ರಿ ಅವ್ರು?"

ಅಲ್ಲಾದರೂ ಸುಳ್ಳು ಹೇಳಬೇಕಿತ್ತು. ಧೈರ್ಯ ಅಭ್ಯಾಸವಿಲ್ಲದವರು ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಅರಿಯರು. ಒಬ್ಬ ನಿಮ್ಮ ಗಣಿಯ ಲಾರಿಯವರ ಮಗ ಎಂದುಬಿಟ್ಟೆ. ಆತ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯೊಳಗೆ ಬನಿಯನ್ನಿಗೆ ತುರುಕಿದ. ಮಗಳನ್ನು ಬೈಯಲಿಲ್ಲ. "ನಡೀವಾ" ಎಂದಷ್ಟೇ ಹೇಳಿದ. ಅವಳು ಪುಸ್ತಕದ ಚೀಲ ತರಲು ತರಗತಿಯ ಕಡೆ ತಿರುಗಿದಳು. "ಅದು ಇರ್ಲಿ, ನಡಿ" ಎಂದ.

ಮರುದಿನ ಅವಳು ಬರಲಿಲ್ಲ. ವಾರವಾದರೂ ಬರಲಿಲ್ಲ. ಅವಳ ಊರಿನಿಂದ ಬರುವ ಹುಡುಗಿಯರನ್ನು ಕೇಳಿದರೆ, ಮನೆಗೆ ಬೀಗ ಐತ್ರಿ, ಕಂಪ್ಲಿಗೆ ಸೋದರಮಾವನ ಮನೆಗೆ ಹೋಗ್ಯಾರ ಎಂದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಹಾಕುವ ಬದಲು, ಆಮೇಲೆ ತಿದ್ದಲು ಬರುವಂತೆ, ಚುಕ್ಕೆ ಹಾಕುತ್ತಾ ಬಂದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕೊನೆಗೆ ಡಿಸೆಂಬರಿನ ಒಂದು ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ಕಮಲಾಪುರ ದಾಟಿದ ಮೇಲೆ ಕೆಂಪು ಧೂಳು ಹಿಂದುಳಿದು, ಬಾಳೆ, ಕಬ್ಬು, ಕಾಲುವೆಯ ನೀರು. ನಾನು ಮಾತ್ರ ನನ್ನನ್ನು ಯಾರಾದರೂ ಹಿಂಬಾಲಿಸುತ್ತಿದ್ದಾರೆಯೇ ಎಂದು ಹಿಂದಿನ ಸೀಟುಗಳನ್ನು ನೋಡುತ್ತಾ ಕುಳಿತಿದ್ದೆ.

ಅವಳ ಅಪ್ಪ ಅಲ್ಲಿ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಸೋದರಮಾವನ ಮನೆಯಲ್ಲಿ ಸಿಕ್ಕಾಗಲೂ ಕೂದಲಿಗೆಲ್ಲ ತೌಡು ಮೆತ್ತಿತ್ತು. "ಅವ್ರು ಹೇಳೋ ಮೊದಲ ನಾನ ಬಿಟ್ಟು ಬಂದೀನ್ರಿ" ಎಂದ. ಯಾರಾದರೂ ಕೇಳಿಕೊಂಡು ಬಂದರೇ ಎಂದರೆ, "ಇನ್ನೂ ಬಂದಿಲ್ರಿ" ಎಂದ. ಆ 'ಇನ್ನೂ' ಕೇಳಿ ನನಗೆ ಕೂರಲಾಗಲಿಲ್ಲ. ಹುಡುಗಿ ನೀರು ತಂದುಕೊಟ್ಟು ಬಾಗಿಲ ಪಕ್ಕ ನಿಂತಳು.

ಪರೀಕ್ಷೆಯೊಂದು ಬರೆಯಲಿ, ಹಾಜರಿ ನಾನು ನೋಡಿಕೊಳ್ಳುತ್ತೇನೆ, ಕಾಲೇಜಿಗೆ ಬರುವುದೂ ಬೇಡ ಎಂದು ಬೇಡಿಕೊಂಡೆ. ಆತ ಕೂದಲಿನ ತೌಡು ಕೊಡವಿಕೊಂಡ.

"ಬರೀಲ್ರಿ. ಆದ್ರ ಪುಸ್ತಕದಾಗ ಇದ್ದದ್ದು ಬರೀಲಿ. ತನ್ನ ತಲಿಯಿಂದ ಒಂದಕ್ಷರನೂ ಬರೀಬಾರದು. ಇನ್ನ ಮ್ಯಾಲೆ ಎಂದೂ ಬರೀಬಾರದು. ಮಾತು ಕೊಡ್ರಿ."

"ಆಯ್ತು" ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಆತ ಮಗಳ ಕಡೆ ತಿರುಗಿ, "ಕೇಳಿದಿ ಹೌದಿಲ್ಲೋ?" ಎಂದ. ಅವಳು ಹೂಂ ಎಂದಳು. ಮಾತಿಗೇನು, ಮೊದಲು ಪರೀಕ್ಷೆಗೆ ಕೂರಲಿ ಎಂದು ನನ್ನ ಲೆಕ್ಕ. ವಾಪಸು ಬರುವಾಗ ಬಸ್ಸಿನಲ್ಲಿ ಹಗುರವಾಗಿದ್ದೆ.

ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ಒಯ್ಯಲು ಒಬ್ಬಳೇ ಬಂದಳು. ಪಾಸಾಗಿದ್ದಳು. ಎಲ್ಲದರಲ್ಲೂ ಒಳ್ಳೆಯ ಅಂಕ, ಕನ್ನಡದಲ್ಲಿ ಮಾತ್ರ ಉಳಿದವರಿಗಿಂತ ಕಡಿಮೆ. ನನಗೆ ಆಶ್ಚರ್ಯವಾಯಿತು. ಪ್ರಬಂಧ ಯಾವುದರ ಮೇಲೆ ಬರೆದೆ ಎಂದು ಕೇಳಿದೆ.

"ಬರೀಲಿಲ್ರಿ. ಬಿಟ್ಟೆ."

"ಯಾಕವ್ವಾ? ಟೈಮ್ ಸಾಲಲಿಲ್ಲೇನು?"

"ಟೈಮ್ ಇತ್ರಿ. ಅರ್ಧ ತಾಸು ಸುಮ್ಮನ ಕುಂತಿದ್ದೆ. ಪ್ರಬಂಧ ಅಂದ್ರ ತಲಿಯಿಂದ ಬರಿಯೋದಲ್ರಿ. ನೀವ ಅಪ್ಪಗ ಮಾತು ಕೊಟ್ಟಿದ್ರಿ."

ಅವಳು ತಮಾಷೆ ಮಾಡುತ್ತಿರಲಿಲ್ಲ, ದೂರುತ್ತಲೂ ಇರಲಿಲ್ಲ. ಆ ಮಾತನ್ನು ಮರೆತುಬಿಡು, ನೀನು ಬರಿ ಎಂದು ಆಗಲೇ ಹೇಳಬಹುದಿತ್ತು. ಪ್ರಿನ್ಸಿಪಾಲರು ಅದೇ ಹೊತ್ತಿಗೆ ವರಾಂಡದಲ್ಲಿ ಬರುತ್ತಿದ್ದರು. ನಾನು ದನಿ ತಗ್ಗಿಸಿ, "ಆತು, ಜಲ್ದಿ ಹೋಗು, ಬಸ್ಸು ತಪ್ಪೀತು" ಎಂದೆ. ಅವಳು ನಮಸ್ಕಾರ ಮಾಡಿ ಹೋದಳು.

ಆಮೇಲೆ ಅವಳನ್ನು ನೋಡಿಲ್ಲ. ಗಣಿಗಳು ನಿಂತವು, ಲಾರಿಗಳು ಕಡಿಮೆಯಾದವು, ನಾನೂ ಆ ಕೆಲಸ ಬಿಟ್ಟೆ. ಅಧ್ಯಕ್ಷರಿಗೆ ವಿಷಯ ಗೊತ್ತಾಗಿತ್ತೋ ಇಲ್ಲವೋ ಕೊನೆಗೂ ತಿಳಿಯಲಿಲ್ಲ, ಅವರ ಭಯವೂ ಹೋಯಿತು. ಈಗ ಉಳಿದಿರುವ ಭಯ ಬೇರೆ. ನಾನು ಕೊಟ್ಟ ಆ ಮಾತನ್ನು ಅವಳು ಇವತ್ತಿಗೂ ನಡೆಸಿಕೊಂಡು ಬರುತ್ತಿದ್ದಾಳೇನೋ ಎಂಬುದು.